ನಿರಪರಾಧಿಗಳು ಏಕೆ ನೋಯುತ್ತಾರೆ? ಮಲೆನಾಡಿನ ಕ್ರೈಸ್ತ ಮನೆಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪ್ರಶ್ನೆಯನ್ನು ಧರ್ಮೋಪದೇಶದ ತರಗತಿಯಲ್ಲಿ ಮಕ್ಕಳು ಕೇಳುವುದು ಅಪರೂಪ. ಆಸ್ಪತ್ರೆಯ ವಾರ್ಡಿನ ಹೊರಗಿನ ಬೆಂಚಿನ ಮೇಲೆ, ಕೊಳೆರೋಗಕ್ಕೆ ಉದುರಿದ ಎಳೆಯ ಅಡಿಕೆಯನ್ನು ಗುಡಿಸುವ ತೋಟದಲ್ಲಿ, ಮಣ್ಣು ಮಾಡಿ ಬಂದವರು ಕೈಕಾಲು ತೊಳೆಯುವ ಅಂಗಳದಲ್ಲಿ ದೊಡ್ಡವರು ಅದನ್ನು ಕೇಳುತ್ತಾರೆ. ನಾನು ಧರ್ಮಗುರುವಲ್ಲ. 1988ರಲ್ಲಿ ರಚನೆಯಾದ ಶಿವಮೊಗ್ಗ ಧರ್ಮಕ್ಷೇತ್ರದ ಒಂದು ಸಣ್ಣ ಧರ್ಮಕೇಂದ್ರದಲ್ಲಿ ಭಾನುವಾರದ ತರಗತಿ ನಡೆಸುತ್ತಾ, ರೋಗಿಗಳ ಮನೆಗೆ ಹೋಗಿಬರುತ್ತಾ ಹಲವು ವರ್ಷ ಕಳೆದವನು. ಕಲಿತ ಉತ್ತರಗಳಲ್ಲಿ ಕೆಲವು ಆ ಬೆಂಚಿನ ಮೇಲೆ ಕೂತವರ ಎದುರು ನಿಲ್ಲುತ್ತವೆ, ಕೆಲವು ನಿಲ್ಲುವುದಿಲ್ಲ. ನಿಲ್ಲದೇ ಹೋದವುಗಳನ್ನೂ ಇಲ್ಲಿ ಮರೆಮಾಚದೆ ಬರೆದಿದ್ದೇನೆ.

ಕ್ರೈಸ್ತ ಧರ್ಮದ ಉತ್ತರವನ್ನು ಒಂದೇ ಮಾತಿನಲ್ಲಿ ಹೇಳಬಹುದೇ?

ಹೇಳಬಹುದು, ಆದರೆ ಅದು ಹೆಚ್ಚಿನವರು ಎದುರುನೋಡುವ ಉತ್ತರವಾಗಿರುವುದಿಲ್ಲ. ಇಂಥವರು ಇಂಥ ಕಾರಣಕ್ಕಾಗಿಯೇ ನೋಯುತ್ತಿದ್ದಾರೆ ಎಂದು ತೀರ್ಪು ಹೇಳುವ ಅಧಿಕಾರವನ್ನು ಬೈಬಲ್ ನೋಡುವವರಿಗೆ ಕೊಟ್ಟಿಲ್ಲ. ಏಕೆ ಎಂದು ಕೇಳುವ ಹಕ್ಕನ್ನು ನೊಂದವರಿಂದ ಕಿತ್ತುಕೊಂಡೂ ಇಲ್ಲ. ಮುಂದಿನ ಉತ್ತರಗಳೆಲ್ಲ ಈ ಮಾತಿನ ವಿವರಣೆಯೇ.

ಕಷ್ಟ ಬಂದಿದೆ ಎಂದರೆ ಯಾವುದೋ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂದೇ ಅರ್ಥವಲ್ಲವೇ?

ಹೀಗೆ ಕೇಳಿದವರಲ್ಲಿ ನಾವು ಮೊದಲಿಗರಲ್ಲ. ಯೇಸುವಿನ ಬದುಕನ್ನು ಹೇಳುವ ಬೈಬಲಿನ ನಾಲ್ಕು ಶುಭಸಂದೇಶಗಳಲ್ಲಿ ಒಂದಾದ ಸಂತ ಯೊವಾನ್ನರ ಶುಭಸಂದೇಶದ 9ನೇ ಅಧ್ಯಾಯದಲ್ಲಿ ಹುಟ್ಟುಕುರುಡನೊಬ್ಬನನ್ನು ಕಂಡ ಶಿಷ್ಯರು, ಇವನು ಕುರುಡನಾಗಿ ಹುಟ್ಟಿದ್ದು ಯಾರ ಪಾಪದಿಂದ, ಇವನದೋ ಇವನ ತಂದೆತಾಯಿಯದೋ ಎಂದು ವಿಚಾರಿಸುತ್ತಾರೆ. ಕಣ್ಣಿಲ್ಲದವನು ಕಿವಿಗೆ ಕೇಳಿಸುವಷ್ಟು ಹತ್ತಿರದಲ್ಲೇ ಕೂತಿದ್ದಾನೆ ಎಂಬ ಪರಿವೆಯೂ ಅವರಿಗಿಲ್ಲ. ಇವನದೂ ಅಲ್ಲ, ತಂದೆತಾಯಿಯದೂ ಅಲ್ಲ ಎಂದು ಯೇಸುಸ್ವಾಮಿ ಆ ವಿಚಾರಣೆಯನ್ನು ಅಲ್ಲಿಗೇ ಮುಗಿಸಿ, ಉಗುಳಿನಿಂದ ಕೆಸರು ಕಲಸಿ ಅವನ ಕಣ್ಣಿಗೆ ಹಚ್ಚುತ್ತಾರೆ. ದೇವರ ಕಾರ್ಯ ಇವನಲ್ಲಿ ಪ್ರಕಟವಾಗಲೆಂದು ಹೀಗಾಯಿತು ಎಂಬ ಮಾತೂ ಅಲ್ಲಿದೆ, ನಿಜ. ಪವಾಡ ತೋರಿಸುವುದಕ್ಕಾಗಿಯೇ ದೇವರು ಒಂದು ಕೂಸಿನ ಕಣ್ಣು ಕಿತ್ತರು ಎಂದು ಅದನ್ನು ಓದುವವರಿದ್ದಾರೆ. ನನಗೆ ಆ ಓದು ಒಪ್ಪಿಗೆಯಾಗಿಲ್ಲ, ಏಕೆಂದರೆ ಅದರ ಮುಂದಿನ ವಾಕ್ಯವೇ ಹಗಲಿರುವಾಗ ನಾವು ಮಾಡಬೇಕಾದ ಕೆಲಸದ ಕುರಿತಾಗಿದೆ.

ಲೂಕರ ಶುಭಸಂದೇಶದ 13ನೇ ಅಧ್ಯಾಯ ಇನ್ನೂ ನೇರವಾಗಿದೆ. ಬಲಿ ಅರ್ಪಿಸುತ್ತಿದ್ದ ಗಲಿಲೇಯದ ಜನರನ್ನು ರೋಮನ್ ರಾಜ್ಯಪಾಲ ಪಿಲಾತ ಕೊಲ್ಲಿಸಿದ ಸುದ್ದಿಯನ್ನು ಕೆಲವರು ಯೇಸುವಿಗೆ ತಂದು ಮುಟ್ಟಿಸುತ್ತಾರೆ. ಸತ್ತವರು ಉಳಿದವರಿಗಿಂತ ಹೆಚ್ಚು ಪಾಪಿಗಳೆಂದು ಭಾವಿಸಿದಿರಾ ಎಂದು ಅವರನ್ನೇ ಕೇಳಿದ ಯೇಸು, ತಾವಾಗಿಯೇ ಎರಡನೆಯ ಉದಾಹರಣೆಯೊಂದನ್ನು ಸೇರಿಸುತ್ತಾರೆ: ಸಿಲೋವಾಮಿನ ಗೋಪುರ ಕುಸಿದು ಸತ್ತ 18 ಜನ ಜೆರುಸಲೇಮಿನ ಉಳಿದವರಿಗಿಂತ ಹೆಚ್ಚಿನ ತಪ್ಪು ಮಾಡಿದ್ದರೇ? ಖಂಡಿತ ಇಲ್ಲ ಎಂಬುದು ಅವರ ಉತ್ತರ. ಮೊದಲನೆಯದು ಮನುಷ್ಯನ ಕ್ರೌರ್ಯ, ಎರಡನೆಯದು ಅಪಘಾತ. ಎರಡರಲ್ಲೂ ಸತ್ತವರ ಲೆಕ್ಕ ತೆಗೆಯಲು ಅವರು ಒಪ್ಪಲಿಲ್ಲ. ಪಶ್ಚಾತ್ತಾಪ ಪಡಿರಿ ಎಂದು ಮುಂದೆ ಹೇಳಿದ್ದು ಸುದ್ದಿ ತಂದವರಿಗೇ ಹೊರತು ಸತ್ತವರಿಗಲ್ಲ. ಆಷಾಢದ ಮಳೆಯಲ್ಲಿ ಧರೆ ಕುಸಿದು ಒಂದು ಮನೆ ಮುಚ್ಚಿಹೋದಾಗ ಆ ಮನೆಯವರ ಹಳೆಯ ಕತೆಗಳನ್ನು ಕೆದಕುವ ನಮ್ಮ ಬಾಯಿಗೂ ಈ ಮಾತು ಸಲ್ಲುತ್ತದೆ.

ನಮ್ಮ ಜಿಲ್ಲೆಯದೇ ಒಂದು ಉದಾಹರಣೆ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಜೊತೆಜೊತೆಗೇ ಸುತ್ತಲಿನ ಊರುಗಳ ಜನ ಜ್ವರ ಬಂದು ಮಲಗಿದರು. ಜಗತ್ತಿನ ವೈದ್ಯಗ್ರಂಥಗಳಲ್ಲಿ ಇಂದಿಗೂ ಆ ಕಾಯಿಲೆಗೆ ಕ್ಯಾಸನೂರಿನ ಹೆಸರೇ ಇದೆ. ನಾವು ಅದನ್ನು ಮಂಗನ ಕಾಯಿಲೆ ಎನ್ನುತ್ತೇವೆ. ವೈರಸ್ ಹೊತ್ತ ಉಣುಗು ಕಚ್ಚುವುದರಿಂದ ಅದು ಬರುತ್ತದೆ, ಮಳೆ ನಿಂತ ಮೇಲಿನ ಒಣ ತಿಂಗಳುಗಳಲ್ಲಿ ಹೆಚ್ಚುತ್ತದೆ. ಕಾಡಿಗೆ ಹೋಗಲೇಬೇಕಾದವರನ್ನು, ಅಂದರೆ ಸೌದೆ ತರುವವರನ್ನು, ದನ ಮೇಯಿಸುವವರನ್ನು, ಕೊಟ್ಟಿಗೆಗೆ ದರಗು ಒಟ್ಟುವವರನ್ನು ಅದು ಹುಡುಕಿಕೊಂಡು ಬರುತ್ತದೆ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಅದು ಸಾವುಗಳನ್ನು ತಂದಾಗ ಇಡೀ ರಾಜ್ಯ ಅತ್ತ ತಿರುಗಿ ನೋಡಿತು.

ಈ ಕಾಯಿಲೆಯಲ್ಲಿ ತಾಯಿಯನ್ನು ಕಳೆದುಕೊಂಡ ಮನೆಯೊಂದಕ್ಕೆ ನಾನು ಹೋಗಿದ್ದೆ. ಹರಕೆ ಬಾಕಿ ಇತ್ತಂತೆ, ಚರ್ಚಿಗೆ ಬರುವುದನ್ನು ಬಿಟ್ಟಿದ್ದರಂತೆ ಎಂಬ ಮಾತು ಆ ಮನೆ ಮುಟ್ಟುವ ಮೊದಲೇ ದಾರಿಯಲ್ಲಿ ನನ್ನ ಕಿವಿಗೆ ಬಿದ್ದಿತ್ತು. ಮಗಳು ಏನೂ ಹೇಳದೆ ಒಳಗೆ ಹೋಗಿ, ಉಣುಗು ಕಚ್ಚದಂತೆ ಮೈಗೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆಯವರು ಕೊಟ್ಟಿದ್ದ ಡಿಎಂಪಿ ಎಣ್ಣೆಯ ಬಾಟಲಿ ತಂದು ನನ್ನ ಮುಂದೆ ಇಟ್ಟಳು. ಅದರಲ್ಲಿ ತಳದಲ್ಲಿ ಎರಡು ಬೆರಳಿನಷ್ಟು ಎಣ್ಣೆ ಉಳಿದಿತ್ತು. “ದಿನಾ ಹಚ್ಚಿಕೊಂಡೇ ಹೋಗ್ತಿದ್ರು ಮೇಷ್ಟ್ರೇ” ಎಂದಳು. ಅವಳು ನನಗೆ ತೋರಿಸುತ್ತಿದ್ದುದು ತಾಯಿಯ ನಿರಪರಾಧದ ಸಾಕ್ಷ್ಯವನ್ನು. ಸತ್ತವರ ಪರವಾಗಿ ಸಾಕ್ಷಿ ಹೇಳಬೇಕಾದ ಸ್ಥಿತಿಗೆ ಒಬ್ಬ ಹುಡುಗಿಯನ್ನು ತಂದು ನಿಲ್ಲಿಸಿದವರು ನಾವು, ಊರಿನವರು.

ಕರ್ಮ, ಹಣೆಬರಹ, ಪೂರ್ವಜನ್ಮದ ಫಲ: ಇವುಗಳನ್ನು ಕ್ರೈಸ್ತರು ಒಪ್ಪುತ್ತಾರೆಯೇ?

ಪೂರ್ವಜನ್ಮದಲ್ಲಿ ಕ್ರೈಸ್ತ ವಿಶ್ವಾಸಕ್ಕೆ ನಂಬಿಕೆಯಿಲ್ಲ. ಮನುಷ್ಯನಿಗೆ ಬದುಕು ಒಂದೇ. ನೆರೆಹೊರೆಯವರ ನಂಬಿಕೆಯನ್ನು ಹಗುರವಾಗಿ ಮಾತಾಡುವ ಉದ್ದೇಶ ನನಗಿಲ್ಲ, ಕರ್ಮದ ವಿಚಾರಕ್ಕೆ ಅದರದೇ ಆಳವಾದ ತರ್ಕವಿದೆ. ಹೇಳಬೇಕಾದದ್ದು ನಮ್ಮವರ ಬಗ್ಗೆಯೇ. ಕರ್ಮ ಎಂಬ ಪದವನ್ನು ಬಿಟ್ಟ ಎಷ್ಟೋ ಕ್ರೈಸ್ತರು ‘ಮಾಡಿದ್ದುಣ್ಣೋ ಮಹಾರಾಯ’ ಎಂಬ ಭಾವನೆಯನ್ನು ಬಿಟ್ಟಿಲ್ಲ. ಅಜ್ಜನ ಪಾಪ ಮೊಮ್ಮಗನಿಗೆ ತಟ್ಟಿತು ಎಂದು ಬೈಬಲಿನ ವಾಕ್ಯ ತೋರಿಸಿಯೇ ವಾದಿಸುತ್ತಾರೆ. ತಂದೆಯ ಅಪರಾಧವನ್ನು ಮೂರು ನಾಲ್ಕು ತಲೆಮಾರಿನವರೆಗೆ ವಿಚಾರಿಸುವ ಮಾತು ವಿಮೋಚನಕಾಂಡದಲ್ಲಿ ಇರುವುದು ಹೌದು. ಅದನ್ನೇ ಹಿಡಿದುಕೊಂಡು, ತಂದೆಗಳು ಹುಳಿದ್ರಾಕ್ಷಿ ತಿಂದರೆ ಮಕ್ಕಳ ಹಲ್ಲು ಚಳಿತುಹೋಯಿತು ಎಂಬ ಗಾದೆಯನ್ನು ಇಸ್ರಯೇಲಿನ ಜನ ಆಡಿಕೊಳ್ಳುತ್ತಿದ್ದಾಗ, ಇನ್ನು ಮುಂದೆ ಆ ಗಾದೆ ನಿಮ್ಮಲ್ಲಿ ಸಲ್ಲದು ಎಂದು ಪ್ರವಾದಿ ಯೆಹೆಜ್ಕೇಲ 18ನೇ ಅಧ್ಯಾಯದಲ್ಲಿ ದೇವರ ಹೆಸರಿನಲ್ಲಿ ಸಾರಿದ. ಕುಡುಕ ತಂದೆಯ ಸಾಲ ಮಗನ ತಲೆಗೆ ಬರಬಹುದು, ಅದು ಲೋಕದ ರೀತಿ. ಪಾಪದ ಹೊಣೆ ಹಾಗೆ ಬರುವುದಿಲ್ಲ.

ಎಲ್ಲರೂ ಪಾಪಿಗಳೆಂದು ಬೈಬಲೇ ಹೇಳುವಾಗ ನಿರಪರಾಧಿ ಎಂಬ ಮಾತಿಗೆ ಅರ್ಥವೇನು?

ಇದು ಜಾಣತನದ ಪ್ರಶ್ನೆ, ಹೆಚ್ಚಾಗಿ ಸುಖವಾಗಿರುವವರು ಕೇಳುವಂಥದ್ದು. ಎಲ್ಲರೂ ಪಾಪ ಮಾಡಿದ್ದಾರೆ ಎಂದು ಸಂತ ಪೌಲರು ರೋಮನರಿಗೆ ಬರೆದದ್ದು ಯಾರೂ ಯಾರನ್ನೂ ಕೀಳಾಗಿ ಕಾಣಬಾರದೆಂಬ ಉದ್ದೇಶದಿಂದ, ರೋಗಿಯ ಮಂಚದ ಬಳಿ ಆ ಮಾತನ್ನು ಎತ್ತಿ ಹೇಳಲಿ ಎಂದಲ್ಲ. ದೇವರ ಮುಂದೆ ತಾನು ಪರಿಶುದ್ಧನೆಂದು ಹೇಳಿಕೊಳ್ಳಲಾಗದವನೂ ತನ್ನ ಮೇಲೆ ಬಂದ ಈ ನಿರ್ದಿಷ್ಟ ಕಷ್ಟಕ್ಕೆ ಅಪರಾಧಿಯಾಗಿರಬೇಕಿಲ್ಲ. ಮಕ್ಕಳನ್ನೂ ಆಸ್ತಿಯನ್ನೂ ಆರೋಗ್ಯವನ್ನೂ ಕಳೆದುಕೊಂಡ ಯೋಬನ ಕತೆ ಬೈಬಲಿನಲ್ಲಿದೆ; ಆ ಗ್ರಂಥದ ಮೊದಲ ವಾಕ್ಯವೇ ಅವನನ್ನು ನಿರ್ದೋಷಿ, ಸತ್ಯವಂತ ಎಂದು ಕರೆಯುತ್ತದೆ, ಮತ್ತು 42 ಅಧ್ಯಾಯಗಳು ಮುಗಿಯುವವರೆಗೂ ಆ ಮಾತನ್ನು ಹಿಂತೆಗೆದುಕೊಳ್ಳುವುದಿಲ್ಲ.

ದೇವರು ಸರ್ವಶಕ್ತರೂ ಒಳ್ಳೆಯವರೂ ಆಗಿದ್ದರೆ ಇದನ್ನೆಲ್ಲ ತಡೆಯಬಾರದೇಕೆ?

ಕ್ರೈಸ್ತ ಚಿಂತಕರು ಈ ಪ್ರಶ್ನೆಯನ್ನು ಎರಡಾಗಿ ಒಡೆದುಕೊಳ್ಳುತ್ತಾರೆ: ಮನುಷ್ಯನೇ ಮಾಡುವ ಕೆಡುಕು ಒಂದು, ಪ್ರಕೃತಿಯಿಂದ ಬರುವ ಆಪತ್ತು ಇನ್ನೊಂದು. ಈ ಎರಡರ ನಡುವಿನ ಗೆರೆ ಎಷ್ಟು ತೆಳುವೆಂಬುದನ್ನು ಶಿವಮೊಗ್ಗದವರು 2021ರ ಜನವರಿ 21ರ ರಾತ್ರಿ ಕಂಡಿದ್ದೇವೆ. ಹತ್ತು ಗಂಟೆ ಕಳೆದಿತ್ತು. ನೆಲ ಅದುರಿತು, ಕಿಟಕಿಯ ಗಾಜು ಒಡೆದವು, ಭೂಕಂಪವೆಂದು ಹೆದರಿ ಜನ ಮಕ್ಕಳನ್ನು ಎತ್ತಿಕೊಂಡು ಬೀದಿಗೆ ಬಂದರು. ಹುಣಸೋಡಿನ ಕಲ್ಲುಕ್ವಾರಿಯ ಬಳಿ ಸ್ಫೋಟಕ ಸಿಡಿದು ಕಾರ್ಮಿಕರು ಸತ್ತಿದ್ದಾರೆಂಬುದು ಆಮೇಲೆ ತಿಳಿಯಿತು. ಭೂಕಂಪವೆಂದುಕೊಂಡಿದ್ದಷ್ಟು ಹೊತ್ತು ಬಾಯಲ್ಲಿ ಬಂದದ್ದು ‘ದೇವರೇ, ಇದೇನು’ ಎಂಬ ಮಾತು. ಸ್ಫೋಟಕವೆಂದು ಗೊತ್ತಾದ ಮೇಲೆ ಎಲ್ಲರೂ ಕೇಳಿದ್ದು ‘ಇದನ್ನು ಇಲ್ಲಿ ತರಲು ಬಿಟ್ಟವರು ಯಾರು’ ಎಂದು. ನೆಲ ಅದುರಿದ್ದು ಒಂದೇ ಸಲ, ಪ್ರಶ್ನೆ ಮಾತ್ರ ಬೆಳಗಾಗುವುದರೊಳಗೆ ದೇವರಿಂದ ಮನುಷ್ಯರ ಕಡೆಗೆ ತಿರುಗಿತ್ತು.

ಮನುಷ್ಯ ಮಾಡುವ ಕೆಡುಕಿನ ವಿಷಯದಲ್ಲಿ ಸಭೆಯ, ಅಂದರೆ ಕ್ರೈಸ್ತ ಧರ್ಮಸಭೆಯ, ಹಳೆಯ ಉತ್ತರ ಸ್ವಾತಂತ್ರ್ಯದ್ದು. ಒಳ್ಳೆಯದನ್ನು ಮನಸಾರೆ ಮಾಡಬಲ್ಲವನನ್ನು ಸೃಷ್ಟಿಸುವುದೆಂದರೆ ಕೆಟ್ಟದ್ದನ್ನು ಆರಿಸಿಕೊಳ್ಳಬಲ್ಲವನನ್ನೂ ಸೃಷ್ಟಿಸಿದಂತೆ; ಪ್ರತಿಯೊಂದು ಕೈಯನ್ನೂ ದೇವರು ಹಿಡಿದು ನಿಲ್ಲಿಸಿದರೆ ಅದು ಪ್ರೀತಿಸುವ ಕೈಯಾಗಿಯೂ ಉಳಿಯುವುದಿಲ್ಲ. 354ರಿಂದ 430ರವರೆಗೆ ಬದುಕಿದ ಸಂತ ಅಗಸ್ಟೀನರು ಇದನ್ನು ವಿಸ್ತಾರವಾಗಿ ವಾದಿಸಿದರು. ಕತ್ತಲೆಯೆಂಬುದು ಬೆಳಕಿನ ಕೊರತೆಯಾಗಿರುವಂತೆ ಕೆಡುಕೆಂಬುದು ಒಳಿತಿನ ಕೊರತೆಯೇ ಹೊರತು ದೇವರು ಸೃಷ್ಟಿಸಿದ ವಸ್ತುವಲ್ಲ ಎಂದೂ ಅವರು ಹೇಳಿದರು. ತರ್ಕಕ್ಕೆ ಇದು ಗಟ್ಟಿಯಾದ ಮಾತು. ನೋವಿನಿಂದ ಹೊರಳಾಡುವವರಿಗೆ ನಿಮಗಿರುವುದು ಬರೀ ಕೊರತೆ ಎಂದು ಹೇಳಿ ನೋಡಿ, ಅದರ ಮಿತಿಯೂ ತಿಳಿಯುತ್ತದೆ.

ಪ್ರಕೃತಿಯ ವಿಷಯದಲ್ಲಿ ಉತ್ತರ ಇನ್ನೂ ಕಷ್ಟ. ದೇವರು ನೀತಿವಂತರ ಮೇಲೂ ಅನೀತಿವಂತರ ಮೇಲೂ ಮಳೆ ಸುರಿಸುತ್ತಾರೆ ಎಂದು ಮತ್ತಾಯರ ಶುಭಸಂದೇಶ ಹೇಳುತ್ತದೆ. ಮರಳುಗಾಡಿನ ಅಂಚಿನ ಜನಕ್ಕೆ ಅದು ಕೇವಲ ವರವಾಗಿ ಕೇಳಿಸಿರಬೇಕು, ಮಲೆನಾಡಿನವರಿಗೆ ಮಳೆಯ ಎರಡೂ ಮುಖ ಗೊತ್ತು. ಗದ್ದೆಗೂ ತೋಟಕ್ಕೂ ಜೀವ ಕೊಡುವ ಮಳೆಯೇ ಬಿಡುವು ಕೊಡದೆ ಸುರಿದರೆ ಕೊಳೆರೋಗ ತರುತ್ತದೆ. ಬೋರ್ಡೋ ದ್ರಾವಣ ಹೊಡೆದವನ ತೋಟಕ್ಕೂ, ಮಳೆ ತಾಗದಂತೆ ಕೊನೆಗಳಿಗೆ ಕೊಟ್ಟೆ ಕಟ್ಟಿದವನ ತೋಟಕ್ಕೂ ಅದು ಕೆಲವೊಮ್ಮೆ ಬಿಡುವುದಿಲ್ಲ. ನಿಯಮಕ್ಕೆ ಕಟ್ಟುಬಿದ್ದು ನಡೆಯುವ ಲೋಕವಿಲ್ಲದೆ ಬಿತ್ತನೆಯೂ ಇಲ್ಲ, ಔಷಧವೂ ಇಲ್ಲ, ಮತ್ತು ಅಂಥ ಲೋಕದಲ್ಲಿ ಧರೆ ಕುಸಿಯುವಾಗ ಕೆಳಗೆ ಯಾರಿದ್ದಾರೆಂದು ಅದು ನೋಡುವುದಿಲ್ಲ. ಇದು ಕ್ರೈಸ್ತ ಚಿಂತಕರು ಕೊಡುವ ವಿವರಣೆ, ಅರ್ಧದವರೆಗೆ ನಾನೂ ಅದರ ಜೊತೆ ನಡೆಯುತ್ತೇನೆ. 1755ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ಬೆಳಿಗ್ಗೆ, ಪೋರ್ಚುಗಲ್ಲಿನ ಲಿಸ್ಬನ್ ನಗರದಲ್ಲಿ ಭೂಕಂಪವಾದಾಗ ಚರ್ಚುಗಳು ಪೂಜೆಗೆ ಬಂದವರಿಂದ ತುಂಬಿದ್ದವು. ನಿಯಮದ ಮಾತು ಅಲ್ಲಿ ಕಲ್ಲು ಏಕೆ ಬಿತ್ತೆಂದು ಹೇಳುತ್ತದೆ, ದೇವರು ಏಕೆ ಸುಮ್ಮನಿದ್ದರೆಂದು ಹೇಳುವುದಿಲ್ಲ. ಆ ಉಳಿದರ್ಧಕ್ಕೆ ಸಭೆಯ ಬಳಿಯಿರುವುದು ಶಿಲುಬೆಯೊಂದೇ. ಅದರ ಮಾತು ಮುಂದೆ ಬರುತ್ತದೆ.

ಯಾವುದೋ ದೊಡ್ಡ ಒಳಿತಿಗಾಗಿ ದೇವರು ಕೆಲವರನ್ನು ನೋಯಿಸುತ್ತಾರೆಯೇ?

ಈ ವಾದವನ್ನು ಶರಾವತಿ ಕಣಿವೆಯವರ ಮುಂದೆ ಎಚ್ಚರದಿಂದ ಆಡಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನಾಡಿಗೆ ಬೆಳಕು ಬಂತು. ಗದ್ದೆ, ತೋಟ, ಮನೆ, ಹಿರಿಯರ ಸಮಾಧಿಗಳೆಲ್ಲ ನೀರಿನಡಿ ಹೋದವರಿಗೆ ‘ಮುಳುಗಡೆಯವರು’ ಎಂಬ ಹೆಸರು ಬಂತು. ಹಿನ್ನೀರಿನ ಆಚೆ ತುಮರಿ ಭಾಗದಲ್ಲಿ ಉಳಿದವರು, 2025ರ ಜುಲೈಯಲ್ಲಿ ಸೇತುವೆ ತೆರೆಯುವವರೆಗೂ, ಹೆರಿಗೆನೋವು ಬಂದವರನ್ನೂ ಹಾವು ಕಚ್ಚಿದವರನ್ನೂ ಕರೆದುಕೊಂಡು ಲಾಂಚಿಗಾಗಿ ದಡದಲ್ಲಿ ಕಾಯಬೇಕಿತ್ತು. ಹಲವರ ಒಳಿತಿಗೆ ಕೆಲವರು ಮುಳುಗಬೇಕಾಯಿತು ಎಂಬ ಲೆಕ್ಕ ತಪ್ಪಿಲ್ಲದಿರಬಹುದು. ಆದರೆ ಆ ಲೆಕ್ಕ ಹಾಕಿದವರು ಯಾರೂ ಮುಳುಗಲಿಲ್ಲ.

ಶುಭಸಂದೇಶದಲ್ಲಿಯೂ ಈ ವಾದ ಬರುತ್ತದೆ, ಯಾರ ಬಾಯಲ್ಲಿ ಬರುತ್ತದೆಂಬುದನ್ನು ಗಮನಿಸಬೇಕು. ಜನಾಂಗವೆಲ್ಲ ನಾಶವಾಗುವುದಕ್ಕಿಂತ ಒಬ್ಬ ಸಾಯುವುದು ಮೇಲು ಎಂದದ್ದು ಪ್ರಧಾನಯಾಜಕ ಕಾಯಫ, ಯೇಸುವನ್ನು ಕೊಲ್ಲಿಸುವ ಸಭೆಯಲ್ಲಿ. ತನಗರಿವಿಲ್ಲದೆ ಅವನು ಪ್ರವಾದನೆ ನುಡಿದನೆಂದು ಯೊವಾನ್ನರು ಹೇಳುತ್ತಾರೆ. ಆ ಸಾವಿನಿಂದ ಒಳಿತು ಹುಟ್ಟಿತು, ಹೌದು. ಹಾಗೆಂದು ಕಾಯಫ ಮಾಡಿದ್ದು ಸರಿ ಎಂದು ಯಾವ ಶುಭಸಂದೇಶವೂ ಹೇಳಲಿಲ್ಲ. ದೇವರು ಕೆಡುಕಿನಿಂದಲೂ ಒಳಿತನ್ನು ಹೊರತರಬಲ್ಲರು ಎನ್ನುವುದಕ್ಕೂ ಒಳಿತಿಗಾಗಿ ಕೆಡುಕನ್ನು ಮಾಡುತ್ತಾರೆ ಎನ್ನುವುದಕ್ಕೂ ಅಜಗಜಾಂತರವಿದೆ. ರೋಮನರಿಗೆ ಬರೆದ ಪತ್ರದ 8ನೇ ಅಧ್ಯಾಯದಿಂದ ಒಂದೇ ವಾಕ್ಯ ಕಿತ್ತು ‘ಎಲ್ಲವೂ ಒಳ್ಳೆಯದಕ್ಕೇ’ ಎಂದು ಸಾವಿನ ಮನೆಯಲ್ಲಿ ಹೇಳುವವರು ಅದರ ಮೇಲಿನ ವಾಕ್ಯಗಳನ್ನೂ ಓದಬೇಕು. ಅಲ್ಲಿ ಇಡೀ ಸೃಷ್ಟಿ ಹೆರಿಗೆಯ ಬೇನೆಯಿಂದ ನರಳುತ್ತಿದೆ, ದೇವರ ಆತ್ಮವೇ ಮಾತಿಗೆ ನಿಲುಕದ ನರಳಾಟದಿಂದ ನಮ್ಮ ಪರವಾಗಿ ಬೇಡುತ್ತಿದೆ.

ಏನೂ ಅರಿಯದ ಮಕ್ಕಳು ನೋಯುವುದೇಕೆ?

ಇದಕ್ಕೆ ಉತ್ತರವಿದೆ ಎನ್ನುವವರನ್ನು ನಾನು ನಂಬುವುದಿಲ್ಲ.

ಬೈಬಲಿನಲ್ಲಿ ಇರುವುದನ್ನು ಹೇಳಬಲ್ಲೆ. ಕ್ರಿಸ್ಮಸ್ ಮುಗಿದ ಮೂರನೇ ದಿನ, ಡಿಸೆಂಬರ್ 28ರಂದು, ರಾಜ ಹೆರೋದ ಕೊಲ್ಲಿಸಿದ ಬೆತ್ಲೆಹೇಮಿನ ಎಳೆಯ ಮಕ್ಕಳನ್ನು ಸಭೆ ಸ್ಮರಿಸುತ್ತದೆ. ಗೋದಲಿಯನ್ನು ಇನ್ನೂ ಬಿಚ್ಚಿರುವುದಿಲ್ಲ, ನಕ್ಷತ್ರದ ದೀಪ ಇನ್ನೂ ಉರಿಯುತ್ತಿರುತ್ತದೆ. ಮತ್ತಾಯರು ತಮ್ಮ ಶುಭಸಂದೇಶದ ಉದ್ದಕ್ಕೂ ‘ಪ್ರವಾದಿಯ ಮಾತು ನೆರವೇರುವಂತೆ ಇದು ನಡೆಯಿತು’ ಎಂದು ಬರೆಯುವವರು, ಈ ಮಕ್ಕಳ ಹತ್ಯೆಗೆ ಬಂದಾಗ ‘ಆಗ ನೆರವೇರಿತು’ ಎಂದಷ್ಟೇ ಬರೆದು ನಿಲ್ಲಿಸುತ್ತಾರೆ. ‘ನೆರವೇರುವಂತೆ’ ಎಂಬ ಪದವನ್ನು ಅವರು ಇಲ್ಲಿ ಬಳಸಲಿಲ್ಲ. ದೇವರ ಯೋಜನೆ ನೆರವೇರುವುದಕ್ಕಾಗಿ ಮಕ್ಕಳು ಸತ್ತರು ಎಂದು ಬರೆಯಲು ಅವರ ಕೈ ಬರಲಿಲ್ಲ ಎಂದೇ ನಾನು ಓದಿಕೊಂಡಿದ್ದೇನೆ. ಅವರು ಉದ್ಧರಿಸುವ ಯೆರೆಮೀಯನ ಮಾತಿನಲ್ಲಿ ರಾಖೇಲಳು ತನ್ನ ಮಕ್ಕಳಿಗಾಗಿ ಅಳುತ್ತಾಳೆ, ಸಮಾಧಾನ ಹೊಂದಲು ಒಪ್ಪುವುದಿಲ್ಲ. ಮತ್ತಾಯರು ಅವಳನ್ನು ಒಪ್ಪಿಸಲು ಹೋಗುವುದಿಲ್ಲ. ಅಳುತ್ತಿರುವಂತೆಯೇ ಬಿಟ್ಟು ಮುಂದಕ್ಕೆ ಸಾಗುತ್ತಾರೆ. ಕೂಸನ್ನು ಕಳೆದುಕೊಂಡ ತಾಯಿಗೆ ‘ದೇವರಿಗೆ ಒಂದು ಹೂವು ಬೇಕಿತ್ತು’ ಎಂದು ಹೇಳುವವರು ಈ ಪುಟವನ್ನೊಮ್ಮೆ ನೋಡಬೇಕು.

ಜ್ಞಾನಸ್ನಾನವಾಗುವ ಮೊದಲೇ ತೀರಿಕೊಂಡ ಕೂಸಿನ ಗತಿಯೇನು?

ಜ್ಞಾನಸ್ನಾನ (ಬ್ಯಾಪ್ಟಿಸಂ) ಇಲ್ಲದ ಕೂಸಿಗೆ ಸ್ವರ್ಗವಿಲ್ಲವೇನೋ ಎಂಬ ಭಯವನ್ನು ಹಳೆಯ ತಲೆಮಾರಿನ ತಾಯಂದಿರು ಎದೆಯಲ್ಲಿಟ್ಟುಕೊಂಡೇ ಮುದುಕಿಯರಾದರು. ಅಂಥ ಮಕ್ಕಳು ರಕ್ಷಣೆ ಹೊಂದುವರೆಂದು ಭರವಸೆ ಇಡಲು ಗಟ್ಟಿಯಾದ ಆಧಾರಗಳಿವೆ ಎಂದು ವ್ಯಾಟಿಕನ್ನಿನ ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗ 2007ರಲ್ಲಿ ಪ್ರಕಟಿಸಿತು. ಮನೆಯಲ್ಲಿ ಅಂಥ ಅಜ್ಜಿಯಿದ್ದರೆ ದಯವಿಟ್ಟು ಇದನ್ನು ಓದಿ ಹೇಳಿ.

ದೇವರ ಮೇಲೆ ಕೋಪ ಬಂದರೆ ಅದು ಪಾಪವೇ?

ಯೋಬ ದೇವರನ್ನು ಕಟಕಟೆಗೆ ಕರೆದ. ತಾನು ಹುಟ್ಟಿದ ದಿನವನ್ನು ಶಪಿಸಿದ. ಎಲೀಫಜ, ಬಿಲ್ದದ, ಚೋಫರ ಎಂಬ ಅವನ ಮೂವರು ಸ್ನೇಹಿತರು ದೇವರ ಪರವಾಗಿ ವಕಾಲತ್ತು ವಹಿಸಿ, ನೀನು ಏನೋ ತಪ್ಪು ಮಾಡಿರಲೇಬೇಕು ಎಂದು ಅಧ್ಯಾಯದ ಮೇಲೆ ಅಧ್ಯಾಯ ಬೋಧಿಸಿದರು. ಅವರ ಮಾತುಗಳನ್ನು ಬಿಡಿಬಿಡಿಯಾಗಿ ತೆಗೆದರೆ ಭಾನುವಾರದ ಪ್ರಬೋಧನೆಗೆ ಸೇರಿಸುವಷ್ಟು ಚೆನ್ನಾಗಿವೆ. ಕೊನೆಗೆ ದೇವರು ಸುಳಿಗಾಳಿಯೊಳಗಿಂದ ಮಾತಾಡಿ ಎಲೀಫಜನಿಗೆ ಹೇಳಿದ್ದು ಹೀಗೆ: ನಿನ್ನ ಮೇಲೂ ನಿನ್ನ ಇಬ್ಬರು ಸ್ನೇಹಿತರ ಮೇಲೂ ನನಗೆ ಸಿಟ್ಟು ಬಂದಿದೆ, ಏಕೆಂದರೆ ನನ್ನ ದಾಸನಾದ ಯೋಬನಂತೆ ನೀವು ನನ್ನ ವಿಷಯದಲ್ಲಿ ಸರಿಯಾದದ್ದನ್ನು ಆಡಲಿಲ್ಲ. ದೇವರನ್ನು ಸಮರ್ಥಿಸಿದವರು ತಪ್ಪಿತಸ್ಥರಾದರು, ದೇವರೊಡನೆ ಜಗಳವಾಡಿದವನು ಸರಿ ಎನಿಸಿಕೊಂಡ. ಜಗಳದ ನಡುವೆಯೂ ಯೋಬ ದೇವರ ಕಡೆಗೇ ಮುಖ ಮಾಡಿದ್ದ. ಸ್ನೇಹಿತರು ಬರೀ ದೇವರ ಬಗ್ಗೆ ಮಾತಾಡುತ್ತಿದ್ದರು.

38ನೇ ಅಧ್ಯಾಯದಿಂದ ದೇವರು ಕೊಡುವ ಉತ್ತರವೂ ಉತ್ತರವಲ್ಲ ಎಂಬ ದೂರಿದೆ. ಭೂಮಿಗೆ ಅಸ್ತಿವಾರ ಹಾಕುವಾಗ ನೀನೆಲ್ಲಿದ್ದೆ, ಬೆಟ್ಟದ ಆಡು ಈಯುವ ಕಾಲ ನಿನಗೆ ಗೊತ್ತೇ ಎಂದು ದೇವರು ಕೇಳುತ್ತಾರೆಯೇ ಹೊರತು, ನಿನ್ನ ಮಕ್ಕಳು ಸತ್ತದ್ದು ಇಂಥ ಕಾರಣಕ್ಕೆ ಎಂದು ಹೇಳುವುದೇ ಇಲ್ಲ. ನನಗೂ ಮೊದಮೊದಲು ಅದು ಬಾಯಿ ಮುಚ್ಚಿಸುವ ಮಾತಾಗಿ ಕಂಡಿತ್ತು. ಈಗ ಕಾಣುವುದು ಬೇರೆ: ಅಷ್ಟೂ ಅಧ್ಯಾಯಗಳಲ್ಲಿ ಒಂದು ಸಲವೂ ದೇವರು, ಸ್ನೇಹಿತರು ಹೇಳಿದ್ದು ನಿಜ, ನೀನು ಪಾಪ ಮಾಡಿದ್ದೆ ಎಂದು ಹೇಳುವುದಿಲ್ಲ.

ಕೀರ್ತನೆಗಳ ಪೈಕಿ ಎಷ್ಟೋ ಹಾಡುಗಳು ಗೋಳಿನ ಹಾಡುಗಳೇ. ಹೆಚ್ಚಿನವು ಕೊನೆಗೆ ಸ್ತುತಿಯತ್ತ ಹೊರಳುತ್ತವೆ. 88ನೇ ಕೀರ್ತನೆ ಹೊರಳುವುದೇ ಇಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನೂ ಸಭೆ ಪ್ರಾರ್ಥನೆಯೆಂದೇ ಉಳಿಸಿಕೊಂಡಿದೆ. ಹಾಗಾಗಿ ಸಿಟ್ಟು ಬಂದಿದ್ದರೆ ಅದನ್ನೇ ಪ್ರಾರ್ಥಿಸಿ.

ಶಿಲುಬೆ ಈ ಪ್ರಶ್ನೆಗೆ ಏನು ಹೇಳುತ್ತದೆ?

ಕ್ರೈಸ್ತ ಉತ್ತರದ ತಿರುಳು ಇರುವುದು ಇಲ್ಲಿಯೇ. ಸಂಕಟದಾಚೆ ನಿಂತು ಅದಕ್ಕೆ ಕಾರಣ ವಿವರಿಸುವ ದೇವರನ್ನು ಶುಭಸಂದೇಶ ಪರಿಚಯಿಸುವುದಿಲ್ಲ. ಅದರೊಳಕ್ಕೆ ಇಳಿದು ಬಂದವರನ್ನು ಪರಿಚಯಿಸುತ್ತದೆ. ಯೇಸುವಿನ ವಿಚಾರಣೆ ನಡೆಸಿದ ಪಿಲಾತನೇ ಇವನಲ್ಲಿ ತಪ್ಪು ಕಾಣೆ ಎಂದ ಮೇಲೆ, ನಿರಪರಾಧಿಯೊಬ್ಬನ ಮರಣವೇ ಈ ಧರ್ಮದ ನಡುವಿನಲ್ಲಿ ನಿಂತಿದೆ. ಆ ಮರಣದ ಹೊತ್ತಿನಲ್ಲಿ ಯೇಸು 22ನೇ ಕೀರ್ತನೆಯ ಮೊದಲ ಸಾಲನ್ನು ಕೂಗಿದರು: ನನ್ನ ದೇವರೇ, ನನ್ನ ದೇವರೇ, ಏಕೆ ನನ್ನನ್ನು ಕೈಬಿಟ್ಟೆ? ನಾವು ಕೇಳುವ ಏಕೆ ಎಂಬ ಪದ ದೇವರ ಮಗನ ಬಾಯಿಂದಲೇ ಬಂತು, ಮತ್ತು ಮಾರ್ಕರ ಶುಭಸಂದೇಶದಲ್ಲಿ ಆಕಾಶದಿಂದ ಅದಕ್ಕೆ ಯಾವ ದನಿಯೂ ಮರುತ್ತರ ಕೊಡಲಿಲ್ಲ.

ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಶುಕ್ರವಾರಗಳಂದು, ಯೇಸು ಶಿಲುಬೆ ಹೊತ್ತು ನಡೆದದ್ದನ್ನು ನೆನೆಯುತ್ತಾ ನಾವು ನಡೆಸುವ ಶಿಲುಬೆ ಹಾದಿಯ 14 ಸ್ಥಳಗಳಲ್ಲಿ ಐದನೆಯದರ ಹತ್ತಿರ ನಾನು ಯಾವಾಗಲೂ ಸ್ವಲ್ಪ ಹೆಚ್ಚು ನಿಲ್ಲುತ್ತೇನೆ. ಹೊಲದಿಂದ ಮನೆಗೆ ಹೊರಟಿದ್ದ ಸಿರೇನ್ ಊರಿನ ಸಿಮೋನನನ್ನು ಸೈನಿಕರು ಹಿಡಿದು ಶಿಲುಬೆ ಹೊರಿಸಿದರು. ಅವನು ಭಕ್ತನಾಗಿ ಬಂದವನಲ್ಲ, ಬಿಟ್ಟಿ ಹಿಡಿಸಿಕೊಂಡವನು. ಈ ಮನುಷ್ಯ ಏಕೆ ನೋಯುತ್ತಿದ್ದಾನೆಂದು ಅವನಿಗೆ ಯಾರೂ ಹೇಳಲಿಲ್ಲ. ಹೆಗಲಿಗೆ ಮರದ ತೊಲೆ ಬಂತು, ಹೊತ್ತ.

ಮೂರನೇ ದಿನದ ಪುನರುತ್ಥಾನವಿಲ್ಲದಿದ್ದರೆ ಶಿಲುಬೆ ಇನ್ನೊಂದು ಅನ್ಯಾಯದ ಸಾವಾಗಿ ಉಳಿಯುತ್ತಿತ್ತು. ಇದನ್ನು ಕ್ರೈಸ್ತನಾದವನು ಹೇಳಲೇಬೇಕು. ಆದರೂ ಎದ್ದುಬಂದ ಯೇಸುವಿನ ಕೈಯಲ್ಲಿ ಮೊಳೆಯ ಗಾಯಗಳು ಮಾಸಿರಲಿಲ್ಲ, ನಂಬದೆ ನಿಂತ ಶಿಷ್ಯ ತೋಮನಿಗೆ ಅವರು ತೋರಿಸಿದ್ದು ಅವನ್ನೇ.

ಎಷ್ಟು ಪ್ರಾರ್ಥಿಸಿದರೂ ಗುಣವಾಗಲಿಲ್ಲ. ನಮ್ಮ ವಿಶ್ವಾಸ ಸಾಲದೇ?

ಹೀಗೆ ಹೇಳಿ ನೊಂದವರ ಮೇಲೆ ಇನ್ನೊಂದು ಹೊರೆ ಹೊರಿಸುವವರು ನಮ್ಮ ಸೀಮೆಯಲ್ಲೂ ಇದ್ದಾರೆ. ಪ್ರಾರ್ಥನಾ ಕೂಟವೊಂದರಲ್ಲಿ ಕ್ಯಾನ್ಸರಿನ ಹೆಂಗಸೊಬ್ಬರಿಗೆ, ನಿಮ್ಮ ವಿಶ್ವಾಸ ಪೂರ್ತಿಯಾದರೆ ಮಾತ್ರೆಯೇ ಬೇಕಿಲ್ಲ ಎಂದು ಹೇಳಿದ್ದನ್ನು ನಾನೇ ಕೇಳಿಸಿಕೊಂಡಿದ್ದೇನೆ. ಆ ದಿನ ಎದ್ದು ನಿಂತು ವಿರೋಧಿಸಲಿಲ್ಲವೆಂಬ ಬೇಸರ ಇನ್ನೂ ಇದೆ.

ಈ ಪಾತ್ರೆ ನನ್ನಿಂದ ತೊಲಗಲಿ ಎಂದು ಸಾವಿನ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸು ಬೇಡಿಕೊಂಡರು, ಅದು ತೊಲಗಲಿಲ್ಲ. ತಮ್ಮನ್ನು ಚುಚ್ಚುತ್ತಿದ್ದ ಮುಳ್ಳು ತೆಗೆಯಬೇಕೆಂದು ಪೌಲರು ಮೂರು ಸಲ ಬೇಡಿದರು, ಮುಳ್ಳು ಉಳಿಯಿತು. ಇವರಿಬ್ಬರ ವಿಶ್ವಾಸ ಸಾಲದಾಯಿತು ಎಂದು ಯಾರಾದರೂ ಹೇಳುವರೇ? ವೈದ್ಯರ ವಿಷಯದಲ್ಲಿ ಸಿರಾಖ ಗ್ರಂಥದ 38ನೇ ಅಧ್ಯಾಯ ಸ್ಪಷ್ಟವಾಗಿದೆ: ವೈದ್ಯನನ್ನು ಗೌರವಿಸು, ಔಷಧವನ್ನು ಭೂಮಿಯಿಂದ ಸೃಷ್ಟಿಸಿದವರು ದೇವರೇ. ಪ್ರಾರ್ಥನೆಗಾಗಿ ಮಾತ್ರೆ ನಿಲ್ಲಿಸಿ ಎಂದವರ ಮಾತನ್ನು ಕೇಳಬೇಡಿ. ಹಾಗೆಯೇ, ರೋಗಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸುವ ಸಂಸ್ಕಾರಕ್ಕೆ ಫಾದರ್ ಅವರನ್ನು ಕರೆದರೆ ಸಾವು ಹತ್ತಿರ ಬಂತೆಂದು ರೋಗಿ ಹೆದರುತ್ತಾರೆ ಎಂದು ಕಡೆಯ ಗಳಿಗೆಯವರೆಗೆ ಕಾಯುವುದೂ ಬೇಡ. 1972ರಲ್ಲಿ ಪರಿಷ್ಕಾರವಾದ ವಿಧಿಯ ಪ್ರಕಾರ ಅದು ಸಾಯುವವರಿಗಷ್ಟೇ ಮೀಸಲಲ್ಲ, ಗಂಭೀರ ಕಾಯಿಲೆಯವರಿಗೂ ದೊಡ್ಡ ಶಸ್ತ್ರಚಿಕಿತ್ಸೆಗೆ ಹೋಗುವವರಿಗೂ ಸಲ್ಲುತ್ತದೆ.

ಕಷ್ಟವನ್ನು ತಾಳಿಕೊಳ್ಳುವುದೇ ಕ್ರೈಸ್ತನ ಧರ್ಮವೇ? ಹೊಡೆಯುವ ಗಂಡನನ್ನೂ ಶಿಲುಬೆಯೆಂದು ಹೊರಬೇಕೇ?

ಬೇಡ. ತಪ್ಪಿಸಿಕೊಳ್ಳಲಾಗದ ನೋವನ್ನು ಕ್ರಿಸ್ತನ ಯಾತನೆಗೆ ಸೇರಿಸಿ ಅರ್ಪಿಸುವ ಪುರಾತನ ಪದ್ಧತಿ ನಮ್ಮಲ್ಲಿದೆ, ಹಾಸಿಗೆ ಹಿಡಿದ ಅನೇಕರಿಗೆ ಅದು ನಿಜವಾದ ಆಸರೆ. ಎರಡನೆಯ ಜಾನ್ ಪೌಲ್ ಪೋಪರು 1984ರ ಫೆಬ್ರವರಿ 11ರಂದು ಸಂಕಟದ ಅರ್ಥವನ್ನು ಕುರಿತೇ ಒಂದು ಪತ್ರ ಹೊರಡಿಸಿ ಇದನ್ನು ವಿವರಿಸಿದರು, ಮತ್ತು ಅದರ ಕೊನೆಯ ಭಾಗದಲ್ಲಿ ದಾರಿಯಲ್ಲಿ ಗಾಯಗೊಂಡವನನ್ನು ಎತ್ತಿಕೊಂಡ ಸಮಾರಿಯದವನ ಕುರಿತು ಯೇಸು ಹೇಳಿದ ಸಾಮತಿಗೆ ಬಂದರು. ಆ ಸಮಾರಿಯದವನು ಗಾಯಾಳುವಿಗೆ ತಾಳ್ಮೆ ಬೋಧಿಸಲಿಲ್ಲ, ಗಾಯ ಕಟ್ಟಿದ. ನನ್ನ ಪ್ರಾಣವನ್ನು ಯಾರೂ ಕಿತ್ತುಕೊಳ್ಳುವುದಿಲ್ಲ, ನಾನಾಗಿಯೇ ಕೊಡುತ್ತೇನೆ ಎಂದು ಯೇಸು ಹೇಳಿದ್ದರು. ತಾನಾಗಿ ಕೊಡದೆ ಇನ್ನೊಬ್ಬರ ಕೈಯಿಂದ ದಿನವೂ ಬೀಳುವ ಏಟಿಗೆ ಶಿಲುಬೆಯ ಹೆಸರಿಡುವುದು ಶಿಲುಬೆಗೇ ಅವಮಾನ. ಹೊಡೆತ ತಿನ್ನುತ್ತಿರುವವರು ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಬಹುದು. ಅದರಲ್ಲಿ ವಿಶ್ವಾಸದ್ರೋಹ ಏನೂ ಇಲ್ಲ.

ಪಾಪಿ ಚಿರಾಯು ಎನ್ನುತ್ತಾರಲ್ಲ, ಕೆಟ್ಟವರು ಚೆನ್ನಾಗಿರುವುದು ಹೇಗೆ?

73ನೇ ಕೀರ್ತನೆಯವನಿಗೂ ಇದೇ ಹೊಟ್ಟೆಯುರಿ. ಅವರ ಮೈ ಕೊಬ್ಬಿದೆ, ಅವರಿಗೆ ಸಾವಿನ ಸಂಕಟವೂ ಇಲ್ಲ, ನಾನು ಕೈ ಶುದ್ಧವಾಗಿಟ್ಟುಕೊಂಡದ್ದು ವ್ಯರ್ಥವಾಯಿತು ಎಂದು ಬರೆದಿದ್ದಾನೆ. ಕೊನೆಗೆ ಅವನಿಗೆ ಸಿಕ್ಕ ಸಮಾಧಾನ ದೇವರ ಸನ್ನಿಧಿಯದು, ಕೆಟ್ಟವರ ಆಸ್ತಿಯ ಲೆಕ್ಕದ್ದಲ್ಲ.

ಸ್ವರ್ಗದಲ್ಲಿ ಎಲ್ಲಕ್ಕೂ ಪರಿಹಾರ ಸಿಗುತ್ತದೆಯೇ?

ಪರಿಹಾರ ಎಂಬ ಪದ ಮುಳುಗಡೆಯ ನಾಡಿನಲ್ಲಿ ಒಳ್ಳೆಯ ಹೆಸರು ಗಳಿಸಿಲ್ಲ. ಪ್ರಕಟನಾ ಗ್ರಂಥದ 21ನೇ ಅಧ್ಯಾಯವೂ ಆ ಪದ ಬಳಸದೆ, ದೇವರೇ ಅವರ ಕಣ್ಣೀರನ್ನೆಲ್ಲ ಒರೆಸುವರು, ಇನ್ನು ಮರಣವಿರದು ಎನ್ನುತ್ತದೆ. ಕಣ್ಣೀರು ಒರೆಸಬೇಕಾದರೆ ಅಲ್ಲಿಯವರೆಗೂ ಕಣ್ಣೀರು ಇರುತ್ತದೆ, ಒರೆಸುವವರು ಮುಖದ ಹತ್ತಿರ ಬಂದಿರುತ್ತಾರೆ. ಈ ಭರವಸೆಯ ಮೇಲೆಯೇ ನಾನು ಬದುಕಿದ್ದೇನೆ. ಆದರೂ ಇಲ್ಲಿನ ಅನ್ಯಾಯ ಸಹಿಸಿಕೊಳ್ಳಿ, ಅಲ್ಲಿ ಸರಿಯಾಗುತ್ತದೆ ಎಂದು ಇನ್ನೊಬ್ಬರಿಗೆ ಹೇಳಲು ಅದನ್ನು ಬಳಸಲಾರೆ.

ನೊಂದವರ ಮನೆಗೆ ಹೋದಾಗ ಏನು ಹೇಳಬೇಕು?

ಯೋಬನ ಸ್ನೇಹಿತರು ಒಂದು ಕೆಲಸ ಸರಿಯಾಗಿ ಮಾಡಿದ್ದರು. ಬಂದ ಮೊದಲ ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಕೂತರು, ಒಂದೂ ಮಾತಾಡಲಿಲ್ಲ. ಕೆಟ್ಟದ್ದು ಎಂಟನೆಯ ದಿನ, ಬಾಯಿ ತೆರೆದಾಗ. ಯೇಸುವಿನ ಸ್ನೇಹಿತ ಲಾಜರ ಸತ್ತಾಗ ತಮ್ಮನನ್ನು ಕಳೆದುಕೊಂಡ ಮರಿಯಳ ಮುಂದೆ ಯೇಸುವೂ ಮೊದಲು ಮಾಡಿದ್ದು ಅತ್ತದ್ದೇ, ಇನ್ನೇನು ಅವನನ್ನು ಎಬ್ಬಿಸುವವರಿದ್ದರೂ.

ನಮ್ಮ ಕಡೆ ಸಾವಾದ ಮೂರು ದಿನ ಮನೆ ತುಂಬ ಜನ, ಏಳನೆಯ ದಿನದ ಪೂಜೆಗೆ ಅರ್ಧದಷ್ಟು, ತಿಂಗಳಾದ ಮೇಲೆ ಯಾರೂ ಇಲ್ಲ. ಹೋಗುವುದಾದರೆ ಆಗ ಹೋಗಿ. ಸುಗ್ಗಿಯ ಕಾಲದಲ್ಲಿ ಮಗನನ್ನು ಕಳೆದುಕೊಂಡ ಮನೆಯೊಂದರಲ್ಲಿ, ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡ ಅದಾಗಲೇ ಇಳಿಸಿದ್ದ ಅಡಿಕೆ ಅಂಗಳದಲ್ಲಿ ರಾಶಿ ಬಿದ್ದಿತ್ತು. ಕೊಯ್ದ ಅಡಿಕೆ ಯಾರ ದುಃಖಕ್ಕೂ ಕಾಯುವುದಿಲ್ಲ. ಊರಿನ ಏಳೆಂಟು ಜನ, ಅವರಲ್ಲಿ ಚರ್ಚಿನವರು ಮೂವರೇ, ಸಂಜೆ ಮೆಟ್ಟುಗತ್ತಿ ಹಿಡಿದು ಹೋಗಿ ಸುಲಿಯಲು ಕೂತರು. ಯಾರೂ ಬೈಬಲ್ ತೆರೆಯಲಿಲ್ಲ, ಮಳೆಯ ಬಗ್ಗೆ, ಅಡಿಕೆ ದರದ ಬಗ್ಗೆ ಒಂದೆರಡು ಮಾತು ಬಂದವು. ಹತ್ತು ಗಂಟೆಯ ಹೊತ್ತಿಗೆ ತಾಯಿ ಒಳಗಿನಿಂದ ಬಂದು, ತಮ್ಮ ಮೆಟ್ಟುಗತ್ತಿ ಹುಡುಕಿ ತಂದು ಸಾಲಿನ ತುದಿಯಲ್ಲಿ ಕೂತರು. ಏಕೆ ಹೀಗಾಯಿತು ಎಂದು ಅವರು ಬಾಯಿಬಿಟ್ಟು ಕೇಳಿದ್ದು ಎರಡು ತಿಂಗಳಾದ ಮೇಲೆ, ಹಾಲು ಕೊಡಲು ಹೋದ ಪಕ್ಕದ ಮನೆಯ ಹೆಂಗಸನ್ನು. “ನಂಗೂ ಗೊತ್ತಿಲ್ಲ ಅಕ್ಕಾ” ಎಂದು ಆಕೆ ಅಲ್ಲೇ ಜಗಲಿಯ ಮೇಲೆ ಕೂತು, ಅಂದು ಕಾಫಿ ಕುಡಿದೇ ಬಂದರಂತೆ.